ತಂದೆಯವರ ಯೆಜ್ಡಿಯನ್ನು ಮತ್ತೆ ರಸ್ತೆಗಿಳಿಸುವ ಮುನ್ನ

ಹೊಸನಗರದಿಂದ ಕೇಳಿದ್ದು: ತಂದೆಯವರು ತೀರಿಕೊಂಡ ಮೇಲೆ ಅವರ ಯೆಜ್ಡಿ ಬೈಕ್ ಹತ್ತು ವರ್ಷಗಳಿಂದ ಕೊಟ್ಟಿಗೆಯಲ್ಲೇ ನಿಂತಿದೆ. ಗುಜರಿಗೆ ಹಾಕಲು ಮನಸ್ಸು ಬಾರದು. ದುರಸ್ತಿ ಮಾಡಿಸಿದವರು ಎಲ್ಲಿಂದ ಆರಂಭಿಸಬೇಕೆಂದು ತಿಳಿಸುವಿರಾ?

ತೀರ್ಥಹಳ್ಳಿಯಿಂದ:

ಖಂಡಿತ ಗುಜರಿಗೆ ಹಾಕಬೇಡಿ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದರೂ ಆ ಬೈಕುಗಳ ಕೆಲಸ ಬಲ್ಲವರು ಇನ್ನೂ ಇದ್ದಾರೆ, ಬಿಡಿಭಾಗಗಳೂ ಸಿಗುತ್ತವೆ. ಆದರೆ ಬಣ್ಣದಿಂದ ಮಾತ್ರ ಆರಂಭಿಸಬೇಡಿ. ಮೊದಲು ಚಾಸಿ ಮತ್ತು ಎಂಜಿನ್ ನಂಬರುಗಳ ಮೇಲಿನ ಕೊಳೆಯನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಆರ್‌ಸಿಯೊಂದಿಗೆ ತಾಳೆ ನೋಡಿ. ನಮ್ಮ ಮಳೆಗಾಲದ ತೇವಕ್ಕೆ ತುಕ್ಕು ಹಿಡಿದಿರುವ ಆ ಅಂಕಿಗಳನ್ನು ಪೇಂಟ್ ಮಾಡುವವರು ಉಜ್ಜಿ ಪುಟ್ಟಿ ಹಚ್ಚಿಬಿಟ್ಟರೆ, ಮುಂದೆ ತಪಾಸಣೆಗೆ ಒಯ್ದಾಗ ನಂಬರು ಓದಲು ಬಾರದೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಮಾಲೀಕರು ತೀರಿಕೊಂಡಿರುವುದರಿಂದ ಹೆಸರು ಬದಲಾವಣೆಗೆ ನಮೂನೆ 31, ನೋಂದಣಿಯ ನವೀಕರಣಕ್ಕೆ ನಮೂನೆ 25 ಬೇಕು. ಮೊದಲ 15 ವರ್ಷಗಳ ನಂತರ 5 ವರ್ಷಕ್ಕೊಮ್ಮೆ ನವೀಕರಿಸಬೇಕಾಗುತ್ತದೆ.

ಎಂಜಿನ್‌ನ ವಿಷಯದಲ್ಲಿ ಅವಸರ ಬೇಡ. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲು ಮತ್ತು ಗಾಳಿ ಕ್ರ್ಯಾಂಕ್‌ಕೇಸ್ (ಎಂಜಿನ್‌ನ ಕೆಳಭಾಗದ ಕೋಣೆ) ಮೂಲಕವೇ ಮೇಲೇರುವುದರಿಂದ, ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲುಗಳು ಬಿಗಿಯಾಗಿರಲೇಬೇಕು. ವರ್ಷಗಟ್ಟಲೆ ನಿಂತ ಬೈಕಿನಲ್ಲಿ ಅವು ಒಣಗಿ ಗಡುಸಾಗಿರುತ್ತವೆ. ಕ್ಲಚ್ ಬದಿಯ ಸೀಲು ಹೋದರೆ ಗೇರ್ ಆಯಿಲ್ ಒಳಗೆ ಸೇರಿ ಬಿಳಿ ಹೊಗೆ ಕಾರುತ್ತದೆ. ಇನ್ನೊಂದು ಬದಿಯದು ಹೋದರೆ ಹೊರಗಿನ ಗಾಳಿ ನುಗ್ಗಿ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಜೋರಾಗಿ ಓಡುತ್ತಲೇ ಇರಬಹುದು. ನಮ್ಮ ಬೈಕಿನ ಹೊಗೆಗೆ ಒಬ್ಬ ಮೆಕ್ಯಾನಿಕ್ ಮೂರು ಸಲ ಕಾರ್ಬುರೇಟರ್ ತೊಳೆದರು, ಪ್ರಯೋಜನವಾಗಲಿಲ್ಲ. ಕೊನೆಗೆ ಶಿವಮೊಗ್ಗದಲ್ಲಿ ಎಂಜಿನ್ ಪೂರ್ತಿ ಬಿಚ್ಚಿಸಿ ಸೀಲು, ಬೇರಿಂಗುಗಳನ್ನು ಬದಲಿಸಿದಾಗಲೇ ಹೊಗೆ ನಿಂತಿತು. ಬಿಚ್ಚುವಾಗ ನೀವೂ ಹತ್ತಿರವಿರಿ. ನಮ್ಮ ಕ್ಲಚ್ ಕವರಿನ ಅಡಿಯಲ್ಲಿ ಅಪ್ಪ ಲಗ್ನಪತ್ರಿಕೆಯನ್ನು ಕತ್ತರಿಸಿ ಮಾಡಿದ್ದ, ಎಣ್ಣೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಸಿಕ್ಕಿತು; ಎಣ್ಣೆ ಕುಡಿದು ಕಂದು ಬಣ್ಣಕ್ಕೆ ತಿರುಗಿದ್ದರೂ ಅದರಲ್ಲಿ ‘ತಮ್ಮ ಆಗಮನಾಭಿಲಾಷಿಗಳು’ ಎಂಬ ಸಾಲು ಓದಲು ಬರುತ್ತಿತ್ತು. ಹೊಸ ಗ್ಯಾಸ್ಕೆಟ್ ಹಾಕಿಸಿ, ಹಳೆಯದನ್ನು ಆರ್‌ಸಿಯ ಜೊತೆಯಲ್ಲೇ ಇಟ್ಟುಕೊಂಡಿದ್ದೇನೆ. ಟ್ಯಾಂಕಿಗೆ ಹೊಸ ಬಣ್ಣ ಹೊಡೆಸಿದ್ದಕ್ಕೆ ಈಗಲೂ ವ್ಯಥೆಯಿದೆ, ಅಪ್ಪನ ಮೊಣಕಾಲು ತಾಗಿ ಸವೆದಿದ್ದ ಗುರುತು ಅದರಡಿ ಹೋಯಿತು.

ಸಾಗರದಿಂದ:

ಮೇಲಿನವರ ಮಾತು ಸರಿ. ನನ್ನದೊಂದು ಸೇರ್ಪಡೆ: ಈ ಬೈಕಿನಲ್ಲಿ ಗೇರಿನ ಲಿವರೇ ಕಿಕ್ಕರ್ ಕೂಡ; ಅದನ್ನು ಮೇಲೆತ್ತಿ ತುಳಿಯುವ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ರಂಧ್ರದೊಳಗೆ ಒಂದೆರಡು ಚಮಚ ಎಣ್ಣೆ ಬಿಟ್ಟು ಒಂದು ದಿನ ಕಾಯಿರಿ. ಅಂಟಿಕೊಂಡ ಪಿಸ್ಟನ್ ಮೇಲೆ ಬಲಪ್ರಯೋಗ ಸಲ್ಲದು. ಓಡಲು ಆರಂಭಿಸಿದ ಮೇಲೆ ಲೀಟರು ಪೆಟ್ರೋಲಿಗೆ 30ರಿಂದ 40 ಮಿಲಿ ಟೂಟಿ (ಟೂ ಸ್ಟ್ರೋಕ್) ಆಯಿಲ್ ಬೆರೆಸುವುದನ್ನು ಮನೆಯ ಹುಡುಗರಿಗೆ ಮೊದಲೇ ಹೇಳಿಡಿ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ನೀರನ್ನು ಹೀರಿಕೊಳ್ಳುವುದರಿಂದ, ಮಳೆಗಾಲದಲ್ಲಿ ಬೈಕ್ ತೆಗೆಯುವುದಿಲ್ಲವಾದರೆ ಜೂನ್‌ಗೆ ಮೊದಲೇ ಟ್ಯಾಂಕು ಮತ್ತು ಕಾರ್ಬುರೇಟರ್ ಎರಡನ್ನೂ ಬರಿದು ಮಾಡಿ. ಮತ್ತು ದಯವಿಟ್ಟು ಅದನ್ನು ಕೊಟ್ಟಿಗೆಯಿಂದ ಇವತ್ತೇ ಜಗುಲಿಗೆ ತನ್ನಿ. ಗಂಜಲದ ಆವಿ ಲೋಹಕ್ಕೆ ಒಳ್ಳೆಯದಲ್ಲ.