ಒಪಿಡಿಗೆ (ಹೊರರೋಗಿ ವಿಭಾಗಕ್ಕೆ) ಕಂಪ್ಯೂಟರ್ ಬಂತು, ರಿಜಿಸ್ಟರ್ ಹೋಗ್ಲಿಲ್ಲ. ಎಲ್ಲಿ ತಪ್ಪುತ್ತಾ ಉಂಟು?

ಕೌಂಟರ್_ಕುಂದಾಪುರ:
ಉಡುಪಿ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆ. ದಿನಕ್ಕೆ ಸುಮಾರು 200 ಹೊರರೋಗಿಗಳು, ಇಬ್ಬರು ವೈದ್ಯರು. ತಂತ್ರಾಂಶ ಹಾಕಿ, ತರಬೇತಿಯೂ ಆಗಿದೆ. ಆದ್ರೆ ನೋಂದಣಿಯಲ್ಲಿ ಮಾತ್ರ ಓಡ್ತಾ ಉಂಟು. ಡಾಕ್ಟ್ರು ಚೀಟಿಯಲ್ಲೇ ಬರೀತಾರೆ, ಫಾರ್ಮಸಿಯಲ್ಲಿ ಪುಸ್ತಕ, ಸಂಜೆ ಆಪರೇಟರ್ ಕೂತು ಎಲ್ಲ ಟೈಪ್ ಮಾಡ್ತಾರೆ. ಮತ್ತೊಂದು ಸುತ್ತು ತರಬೇತಿ ಕೇಳುವುದಾ?

ದಾಸ್ತಾನು_ಮಂಗಳೂರು:
ತರಬೇತಿಯಿಂದ ಸರಿಯಾಗುವ ವಿಷಯ ಅಲ್ಲ ಇದು. 9ರಿಂದ 1ರವರೆಗೆ 240 ನಿಮಿಷ, ಒಬ್ಬ ವೈದ್ಯರಿಗೆ 100 ರೋಗಿಗಳು. ತಲಾ ಎರಡೂವರೆ ನಿಮಿಷವೂ ಸಿಗುವುದಿಲ್ಲ. ಅದರಲ್ಲಿ ಒಂದು ನಿಮಿಷ ಟೈಪಿಂಗಿಗೆ ಹೋದ್ರೆ ರೋಗಿಯನ್ನು ನೋಡುವುದು ಯಾವಾಗ?

ವೈದ್ಯರ ಕೋಣೆ ಕೊನೆಗಿರಲಿ. ಕಂಪ್ಯೂಟರಿಗೆ ಬರಬೇಕಾದ್ದು ಮೊದಲು ಫಾರ್ಮಸಿ, ನಂತರ ಲ್ಯಾಬ್. ರಕ್ತಪರೀಕ್ಷೆಯ ವರದಿ ಪರದೆಯಲ್ಲೇ ಸಿಕ್ಕರೆ ವೈದ್ಯರಿಗೆ ಕಂಪ್ಯೂಟರ್ ನೋಡ್ಲಿಕ್ಕೆ ಒಂದು ಕಾರಣ ಹುಟ್ಟುತ್ತದೆ. ಆಮೇಲೆ ಅವರಿಗೆ ಇಪ್ಪತ್ತು-ಇಪ್ಪತ್ತೈದು ಸಾಮಾನ್ಯ ಕಾಯಿಲೆಗಳ ಪಟ್ಟಿ, ದಾಸ್ತಾನಿನಲ್ಲಿರುವ ಔಷಧಿಗಳ ಪಟ್ಟಿ ಕೊಡಿ. ಆರಿಸಿದರೆ ಸಾಕು, ಟೈಪ್ ಬೇಡ. ಔಷಧಿ ಪಟ್ಟಿಯನ್ನು ಮೊದಲೇ ಶುದ್ಧ ಮಾಡ್ಬೇಕು. ಪ್ಯಾರಾಸಿಟಮಾಲ್ 500 ಮೂರು ಹೆಸರಲ್ಲಿ ಕೂತಿದ್ರೆ ದಾಸ್ತಾನು ಯಾವತ್ತೂ ತಾಳೆ ಆಗುವುದಿಲ್ಲ.

ಮುಖ್ಯ ಸಂಗತಿ: ಆಡಿಟ್‌ನವರು ಕೇಳುವುದು ಪುಸ್ತಕವನ್ನು. ದಿನದ ಪ್ರಿಂಟ್‌ಗೆ ಸಹಿ ಹಾಕಿ ಫೈಲ್ ಮಾಡಿದ್ರೆ ಸಾಕೆಂಬ ಲಿಖಿತ ಆದೇಶ ಇಲ್ಲದೆ ಯಾವ ಫಾರ್ಮಸಿಸ್ಟೂ ಪುಸ್ತಕ ಬಿಡುವುದಿಲ್ಲ. ಬಿಡಲೂಬಾರದು, ಮಾತ್ರೆ ಕಡಿಮೆ ಬಂದ್ರೆ ಹೊಣೆ ಅವರ ತಲೆಗೇ.

ನೆಟ್‌ವರ್ಕ್_ಮಣಿಪಾಲ:
ಯುಪಿಎಸ್ ಎಲ್ಲಿ ಉಂಟೆಂದು ನೋಡಿ. ಕಂಪ್ಯೂಟರಿಗೆ ಇರ್ತದೆ, ರೂಟರಿಗೂ ಸ್ವಿಚ್ಚಿಗೂ ಇರುವುದಿಲ್ಲ. ಕರೆಂಟ್ ಹೋದ ಕೂಡಲೇ ಪರದೆ ಉರಿಯುತ್ತಾ ಇರ್ತದೆ, ಸಂಪರ್ಕ ಸತ್ತಿರ್ತದೆ. ಮೇ ತಿಂಗಳ ಸಿಡಿಲಿಗೆ ಸರ್ಜ್ ರಕ್ಷಣೆ (ದಿಢೀರ್ ಏರುವ ವಿದ್ಯುತ್ತನ್ನು ತಡೆಯುವ ಸಾಧನ) ಮತ್ತು ಸರಿಯಾದ ಅರ್ಥಿಂಗ್ ಬೇಕೇ ಬೇಕು. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮುಂದೆ ಇಡಬಹುದಾದ ಖರ್ಚು ಇದು. ಸಂಪರ್ಕ ಇಲ್ಲದ ಹೊತ್ತಿಗೆ ಕ್ರಮಸಂಖ್ಯೆ ಹಾಕಿದ ಒಂದು ಪುಟದ ನಮೂನೆ ಇಟ್ಟುಕೊಳ್ಳಿ, ಅದೇ ದಿನ ಕಂಪ್ಯೂಟರಿಗೆ ಏರಿಸಿ.

ಲಾಗಿನ್ ಕೊಡುವ ಅಧಿಕಾರ ಆಸ್ಪತ್ರೆಯಲ್ಲೇ ಒಬ್ಬರಿಗೆ ಇರಲಿ. ವರ್ಗಾವಣೆಯಾಗಿ ಬಂದವರಿಗೆ ಲಾಗಿನ್ ತಡವಾದ್ರೆ ಹಳಬರ ಪಾಸ್‌ವರ್ಡೇ ಎಲ್ಲರ ಪಾಸ್‌ವರ್ಡ್ ಆಗ್ತದೆ. ಆಮೇಲೆ ಯಾರು ಎಂತ ಬರೆದ್ರು ಹೇಳ್ಲಿಕ್ಕೆ ಬರುವುದಿಲ್ಲ.

ನೋಂದಣಿಯಲ್ಲಿ ಪೂಜಾರಿ ಹೆಸರಿನ ಕೊನೆಗೆ ಒಬ್ಬರು ವೈ ಒತ್ತಿದ್ರೆ ಇನ್ನೊಬ್ಬರು ಐ ಒತ್ತುತ್ತಾರೆ, ಒಬ್ಬ ರೋಗಿಗೆ ಎರಡು ದಾಖಲೆ. ಮೊಬೈಲ್ ನಂಬರ್ ನಂಬ್ಬೇಡಿ, ಇಡೀ ಮನೆಗೆ ಒಂದೇ ಇರ್ತದೆ. 14 ಅಂಕಿಯ ಆಭಾ (ಸರ್ಕಾರದ ಆರೋಗ್ಯ ಖಾತೆ) ಸಂಖ್ಯೆ ಇದ್ದವರದ್ದನ್ನು ಅದರಿಂದಲೇ ಹುಡುಕಿ. ಇಲ್ಲದವರಿಗೆ ಹೆಸರು, ವಯಸ್ಸು, ಊರು ಮೂರೂ ಸೇರಿಸಿ.

ಉಪಕೇಂದ್ರ_ಕಾರ್ಕಳ:
ಹಳ್ಳಿ ಮಟ್ಟದಲ್ಲಿ ಇದೇ ತೊಂದರೆ ಇನ್ನೂ ಜೋರು. ಒಬ್ಬ ಗರ್ಭಿಣಿಯ ಬಿಪಿ ತಾಯಿ ಕಾರ್ಡಿಗೆ, ರಿಜಿಸ್ಟರಿಗೆ, ಪೋರ್ಟಲ್ಲಿಗೆ, ಹೀಗೆ ಮೂರು ಸಲ. ದಕ್ಷಿಣ ಆಫ್ರಿಕಾದಲ್ಲಿ 1990ರ ದಶಕದಲ್ಲಿ ಡಿಎಚ್‌ಐಎಸ್ ಎಂಬ ಆರೋಗ್ಯ ಅಂಕಿಅಂಶಗಳ ತಂತ್ರಾಂಶ ರೂಪುಗೊಂಡಾಗ ಕೇಳುವ ಅಂಕಿಗಳನ್ನೇ ಕಡಿಮೆ ಮಾಡಿ, ಅಗತ್ಯವಾದವುಗಳ ಸಣ್ಣ ಪಟ್ಟಿ ಕಟ್ಟಿದ್ರು. ನಮ್ಮಲ್ಲಿ ಹೊಸ ನಮೂನೆ ಬರ್ತದೆ, ಹಳೇದು ಹೋಗುವುದಿಲ್ಲ.

ಕೌಂಟರ್_ಕುಂದಾಪುರ:
ಪುಸ್ತಕವನ್ನು ಒಮ್ಮೆಲೇ ನಿಲ್ಲಿಸಬಹುದಾ?

ದಾಸ್ತಾನು_ಮಂಗಳೂರು:
ಬೇಡ. ಒಂದು ತಿಂಗಳು ಎರಡೂ ನಡೆಯಲಿ, ದಿನಾ ಸಂಜೆ ಹತ್ತು ಔಷಧಿ ಎಣಿಸಿ ಪರದೆಯ ಲೆಕ್ಕದೊಂದಿಗೆ ತಾಳೆ ನೋಡಿ. ಪುಸ್ತಕ ನಿಲ್ಲಿಸುವ ತಾರೀಕನ್ನು ಮಾತ್ರ ಆದೇಶದಲ್ಲೇ ಬರೆಸಿಕೊಳ್ಳಿ. ತಾರೀಕು ಇಲ್ಲದಿದ್ರೆ ಆ ಒಂದು ತಿಂಗಳು ಮುಗಿಯುವುದೇ ಇಲ್ಲ.