ಸಹಾಯ ಬೇಕು: ಆಯಿಯ ನೋವಿಗೆ ಯಾವ ಅಂಕಿ ಬರೀಬೇಕು?

ಎಲ್ಲರಿಗೂ ನಮಸ್ಕಾರ. ನಾವು ಶಿರಸಿ ಹತ್ರದ ಹಳ್ಳಿಯವರು. ಆಯಿಗೆ ಕ್ಯಾನ್ಸರ್ ಮೂಳೆಗೆ ಹಬ್ಬಿದೆ, ಜೊತೆಗೆ ಮರೆವಿನ ಕಾಯಿಲೆ. ಮನೇಲೇ ಆರೈಕೆ. ನೋವು 0ರಿಂದ 10ರೊಳಗೆ ಎಷ್ಟು ಅಂತ ದಿನಾ ಬರೆದಿಡಿ ಅಂದಿದ್ದಾರೆ ನರ್ಸ್. ಅದನ್ನ ನೋಡೇ ಡಾಕ್ಟರು ನೋವಿನ ಔಷಧ ಮಾರ್ಫಿನ್ ಹೆಚ್ಚುಕಮ್ಮಿ ಮಾಡ್ತಾರೆ. ಅಂಕಿ ಕೇಳಿದ್ರೆ ಆಯಿ "ಆಸ್ರಿ ಕುಡದ್ಯಾ?" (ಕುಡಿಯೋಕೆ ಏನಾದ್ರೂ ತಗೊಂಡ್ಯಾ?) ಅಂತಾಳೆ. ಮುಖದ ಚಿತ್ರಗಳ ಪಟ್ಟಿ ತೋರಿಸಿದ್ರೆ ನಗುಮುಖದ ಮೇಲೇ ಬೆರಳಿಡ್ತಾಳೆ, ಹುಬ್ಬು ಮಾತ್ರ ಗಂಟಿಕ್ಕಿರ್ತದೆ.

ಆಮೇಲೆ ಮರೆವಿನವರಿಗಂತಲೇ ಇರೋ 'ಪೇನ್ಯಾಡ್' (PAINAD) ಅನ್ನೋ ನೋವಿನ ಅಳತೆಪಟ್ಟಿ ನೋಡಿದೆ. ಉಸಿರಾಟ, ನರಳಾಟ, ಮುಖಭಾವ, ಮೈಯ ಬಿಗಿತ, ಸಮಾಧಾನ ಮಾಡಿದ್ರೆ ಸುಮ್ಮನಾಗ್ತಾರಾ ಅನ್ನೋದು, ಒಂದೊಂದಕ್ಕೂ 0ರಿಂದ 2, ಒಟ್ಟು 10ಕ್ಕೆ. ಇದು ನಿಜಕ್ಕೂ ಉಪಯೋಗಕ್ಕೆ ಬಂತು. ಆದ್ರೆ ಸುಮ್ಮನೆ ಮಲಗಿದ್ದಾಗ 1 ಬರ್ತದೆ, ಮಗ್ಗುಲು ತಿರುಗಿಸಿ ಬಟ್ಟೆ ಬದಲಿಸುವಾಗ 7. ಸರಾಸರಿ 4 ಅಂತ ಬರೆದ್ರೆ ಆ ಹೊತ್ತಿನ ನೋವೇ ಮುಚ್ಚಿಹೋಗ್ತದೆ. 7 ಅಂತಲೇ ಬರೆದ್ರೆ ಔಷಧ ಜಾಸ್ತಿಯಾಗಿ ದಿನವಿಡೀ ಮಂಪರಲ್ಲೇ ಇರ್ತಾಳೇನೋ ಅಂತ ಭಯ.

ಪಾಲಿಯೇಟಿವ್ ಕೇರಲ್ಲಿ (ನೋವು, ಸಂಕಟ ಕಮ್ಮಿ ಮಾಡೋ ಆರೈಕೆ) ಕೆಲಸ ಮಾಡೋರು, ಮನೇಲಿ ಇಂಥವರನ್ನ ನೋಡ್ಕೊಂಡೋರು ದಯವಿಟ್ಟು ಹೇಳಿ: ಮಲಗಿದ್ದಾಗಿನದು, ತಿರುಗಿಸುವಾಗಿನದು ಎರಡನ್ನೂ ಬೇರೆಬೇರೆ ಬರೀಬೇಕಾ? ಒಂದೇ ಅಂಕಿ ಕೊಡೋದಾದ್ರೆ ಯಾವುದು?