ಅಪ್‌ಡೇಟ್: ಬ್ಯಾಟರಿ ಚೆನ್ನಾಗಿದೆ, ತೊಂದರೆ ಇದ್ದದ್ದು ಅರ್ಥಿಂಗ್‌ನಲ್ಲಿ
ಬ್ರೇಕ್‌ಅವೇ ಪಿನ್ (ಟ್ರೇಲರ್ ಗಾಡಿಯಿಂದ ಕಳಚಿಕೊಂಡರೆ ಹೊರಬಂದು, ಟ್ರೇಲರ್‌ನದೇ ಬ್ಯಾಟರಿಯಿಂದ ಎಲೆಕ್ಟ್ರಿಕ್ ಬ್ರೇಕ್ ಹಾಕಿಸುವ ಪಿನ್) ಎಳೆದರೂ ಟ್ರೇಲರ್‌ನ ನಾಲ್ಕು ಚಕ್ರ ಸರಿಯಾಗಿ ಹಿಡಿಯುತ್ತಿಲ್ಲ, 12 ವೋಲ್ಟ್ 5 ಆಂಪಿಯರ್-ಅವರ್ ಬ್ಯಾಟರಿ ಸಾಲದೇ ಎಂದು ಕೇಳಿದ್ದೆ. ಸಾಲುತ್ತದೆ. 10 ಇಂಚಿನ ಬ್ರೇಕ್ ಡ್ರಮ್ಮಿನೊಳಗೆ ಬ್ರೇಕ್ ಹಿಡಿಸುವ ವಿದ್ಯುತ್ ಮ್ಯಾಗ್ನೆಟ್ ಒಂದಕ್ಕೆ ಸುಮಾರು 3 ಆಂಪಿಯರ್, ನಾಲ್ಕಕ್ಕೆ 12. ಅಮೆರಿಕದಲ್ಲಿ ವಾಣಿಜ್ಯ ಟ್ರೇಲರ್‌ಗಳಿಗಿರುವ ಫೆಡರಲ್ ನಿಯಮ ಕೇಳುವುದು ಬ್ರೇಕ್ 15 ನಿಮಿಷ ಹಿಡಿದಿರಬೇಕೆಂದು, ಅಂದರೆ 3 ಆಂಪಿಯರ್-ಅವರ್.

ಪಿನ್ ಎಳೆಯದೆ ಅಳೆದ 12.6 ವೋಲ್ಟ್ ಏನನ್ನೂ ಹೇಳುವುದಿಲ್ಲ, ಲೋಡ್ ಮೇಲೆಯೇ ಅಳೆಯಬೇಕು. ಪಿನ್ ಎಳೆದಾಗ ಬ್ಯಾಟರಿ ಟರ್ಮಿನಲ್‌ನಲ್ಲಿ 12.1, ಮ್ಯಾಗ್ನೆಟ್ ಬಳಿ ಬರೀ 9.4. ನೆಗೆಟಿವ್ ಟರ್ಮಿನಲ್‌ಗೂ ಚಾಸಿಗೂ ನಡುವೆ 2.5 ವೋಲ್ಟ್! ಚಾಸಿಗೆ ಬೋಲ್ಟ್ ಮಾಡಿದ ಬಿಳಿ ಅರ್ಥಿಂಗ್ ವೈರಿನ ರಿಂಗ್ ಟರ್ಮಿನಲ್ ಕೆಳಗೆ ಬಣ್ಣ, ತುಕ್ಕು ಎರಡೂ ಇದ್ದವು. ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವವರೆಗೆ ವೈರ್ ಬ್ರಷ್‌ನಿಂದ ಉಜ್ಜಿ, ಹೊಸ ಟರ್ಮಿನಲ್ ಜೊತೆ ಸ್ಟಾರ್ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿದರೆ ಸಾಕು. ಈಗ ಡಿಸಿ ಕ್ಲ್ಯಾಂಪ್ ಮೀಟರ್ 12 ಆಂಪಿಯರ್ ತೋರಿಸುತ್ತಿದೆ, ಜ್ಯಾಕ್ ಮೇಲಿಟ್ಟ ಚಕ್ರ ಕೈಯಲ್ಲಿ ತಿರುಗುವುದಿಲ್ಲ.

ದಯವಿಟ್ಟು ಗಮನಿಸಿ: ಪಿನ್ ಎಳೆಯುವ ಮೊದಲು ಟ್ರೇಲರನ್ನು ಗಾಡಿಗೆ ಜೋಡಿಸುವ ಏಳು ಪಿನ್ನಿನ ವಿದ್ಯುತ್ ಪ್ಲಗ್ ತೆಗೆಯಲೇಬೇಕು, ಇಲ್ಲದಿದ್ದರೆ ಗಾಡಿಯ ಬ್ರೇಕ್ ಕಂಟ್ರೋಲರ್‌ಗೆ ಕರೆಂಟ್ ಹಿಂದಕ್ಕೆ ಹರಿದು ಅದು ಕೆಡಬಹುದು. ಅಳತೆ ಮುಗಿದ ತಕ್ಷಣ ಪಿನ್ ವಾಪಸ್ ಹಾಕಿ, ಬ್ಯಾಟರಿ ಚಾರ್ಜ್ ಮಾಡಿ.